ಸೊಸೆ ಹೊರಗೆ ಕಳಿಸಿದ ತುತ್ತೂರಿ

“ಆ ಕುರ್ಚಿ ಅವಳಿಗಲ್ಲ! ಹಿಂದೆ ಹೋಗಿ ಕೂತ್ಕೊಳ್ಳಲಿ!”

ದೊಡ್ಡತ್ತೆಯ ದನಿ ಕೇಳಿ ನಡುಮನೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮುಂದಿನ ಸಾಲಿನ ಕುರ್ಚಿಯ ಬೆನ್ನು ಹಿಡಿದು ಇನ್ನೇನು ಕೂರಬೇಕೆಂದಿದ್ದ ಸೊಸೆ ಹಾಗೇ ನಿಂತಳು. ಬೆಳಗಿನಿಂದ ಮನೆ ಗುಡಿಸಿ, ಅಕ್ಕಪಕ್ಕದ ಮನೆಗಳಿಂದ ಕುರ್ಚಿ ಹೊತ್ತು ತಂದು, ಬಂದವರಿಗೆಲ್ಲ ನೀರು ಕೊಟ್ಟವಳು ಅವಳೇ. ಅವಳ ಮಾವ ತುತ್ತೂರಿ ತಾತ ಕಣ್ಮುಚ್ಚಿ ಅಂದಿಗೆ ಒಂದು ತಿಂಗಳು. ಅವರನ್ನು ಬಲ್ಲವರೆಲ್ಲ ಒಂದೆಡೆ ಸೇರಿ, ಒಬ್ಬೊಬ್ಬರೂ ಎದ್ದು ನಿಂತು ಒಂದೊಂದು ನೆನಪು ಹೇಳುವುದೆಂದು ನಿಶ್ಚಯವಾಗಿತ್ತು. ಮನೆಯವರು ಮುಂದೆ, ಉಳಿದವರು ಹಿಂದೆ.

ತಾತ ಇಪ್ಪತ್ತೆಂಟು ವರ್ಷ ಸೈನ್ಯದ ಬ್ಯಾಂಡಿನಲ್ಲಿ ತುತ್ತೂರಿ ಊದಿದವರು. ನಿವೃತ್ತರಾಗಿ ಮನೆಗೆ ಬಂದ ಮೇಲೂ ಹದಿನೆಂಟು ವರ್ಷ, ಬೆಳಗಾದರೆ ಸಾಕು, ಹಳೆಯ ಬೂಟು ಮೆಟ್ಟಿ, ತುತ್ತೂರಿಯನ್ನು ಟವೆಲಿನಲ್ಲಿ ಸುತ್ತಿ ಬಗಲಿಗೆ ಸಿಕ್ಕಿಸಿಕೊಂಡು ಊರಾಚೆಯ ಗುಡ್ಡ ಹತ್ತುತ್ತಿದ್ದರು. ಯಾವ ಹಕ್ಕಿ ಯಾವ ಪೊದೆಯಲ್ಲಿ ಗೂಡು ಕಟ್ಟಿದೆ, ಯಾವ ಬಂಡೆಯ ಸಂದಿಯಲ್ಲಿ ನೀರು ಜಿನುಗುತ್ತದೆ, ಯಾವ ಮರ ಯಾವ ವಾರ ಚಿಗುರುತ್ತದೆ, ಎಲ್ಲವೂ ಅವರಿಗೆ ಅಂಗೈ ಗೆರೆಯಂತೆ ಗೊತ್ತಿತ್ತು. ನೆತ್ತಿಯ ಮೇಲಿನ ಬಂಡೆಯ ಹತ್ತಿರ ನಿಂತು, ಏಳುವ ಸೂರ್ಯನಿಗೆ ಮುಖಮಾಡಿ ಊದುವರು. “ದೇವರು ಕೊಟ್ಟ ಉಸಿರಪ್ಪಾ, ದಿನಕ್ಕಿಷ್ಟು ಅವನಿಗೇ ವಾಪಸ್ ಕೊಡಬೇಕು” ಎನ್ನುವರು. ಆದರೆ ಮನೆಯೊಳಗೆ ಮಾತ್ರ ಒಂದು ಸ್ವರವನ್ನೂ ನುಡಿಸುತ್ತಿರಲಿಲ್ಲ. ಅದಕ್ಕೆ ಕಾರಣ ಸೊಸೆಯೆಂಬುದು ನೆಂಟರಿಷ್ಟರಲ್ಲಿ ಎಲ್ಲರೂ ಬಲ್ಲ ಸಂಗತಿ!

“ಯಾಕಕ್ಕಾ ಹಾಗಂತೀರಿ?” ಎಂದರು ಡ್ರಮ್ಮಣ್ಣ. ಅದೇ ಬ್ಯಾಂಡಿನಲ್ಲಿ ತಾತನ ಪಕ್ಕ ನಿಂತು ಡ್ರಮ್ ಬಾರಿಸುತ್ತಿದ್ದ ಹಳೆಯ ಗೆಳೆಯ.

“ಯಾಕಾ?” ಎಂದಳು ದೊಡ್ಡತ್ತೆ, ತಾತನ ಅಕ್ಕ. ಶಾಲೆಯಲ್ಲಿ ಹೆಡ್‌ಮಿಸ್ ಆಗಿದ್ದವಳು. ದನಿ ಇನ್ನೂ ನಿವೃತ್ತಿಯಾಗಿರಲಿಲ್ಲ. “ನನ್ನ ತಮ್ಮ ಈ ಮನೇಲಿ ಊದಿದ ಮೊದಲನೇ ದಿನವೇ ಈ ಮಹಾರಾಣಿ ಬಾಗಿಲಿಗೆ ಬಂದು, ‘ಮಾವ, ಮಗು ಏಳುತ್ತೆ, ಹೊರಗೆ ಹೋಗಿ ಊದಿ’ ಅಂದಳಂತೆ! ಆ ಮಗು ಈಗ ಕಾಲೇಜಿಗೆ ಹೋಗ್ತಿದೆ. ಇನ್ನೂ ತೊಟ್ಟಿಲಲ್ಲೇ ಮಲಗಿತ್ತಾ? ತಾನು ಕಟ್ಟಿಸಿದ ಮನೆಯಿಂದ ತಾನೇ ಕಳ್ಳನ ಹಾಗೆ ಹೊರಗೆ ಹೋಗಬೇಕಾಯ್ತಲ್ಲ ಅವನು!”

ಸೊಸೆ ಒಮ್ಮೆ ಮೂಲೆಯಲ್ಲಿ ಕೂತಿದ್ದ ಅಜ್ಜಿಯ ಕಡೆ, ತಾತನ ಹೆಂಡತಿಯ ಕಡೆ, ಕಣ್ಣು ಹಾಯಿಸಿದಳು. ತಕ್ಷಣ ಕಣ್ಣು ಕೆಳಗೆ ಹಾಕಿದಳು.

“ಹಿಂದೇನೇ ಕೂತ್ಕೋತೀನಿ ದೊಡ್ಡತ್ತೆ. ಕೇಳೋಕೆ ಎಲ್ಲಿ ಕೂತರೇನು?”

“ಕೂತ್ಕೊ. ಆದ್ರೆ ಮಾತಾಡೋಕೆ ಮಾತ್ರ ಏಳಬೇಡ. ಅವನ ಸಂಗೀತದ ವಿಷಯ ನಿನ್ನ ಬಾಯಲ್ಲಿ ಕೇಳೋ ಶಕ್ತಿ ನನಗಿಲ್ಲ!”

ಅಜ್ಜಿ ಸೊಸೆಯ ತಗ್ಗಿದ ತಲೆಯನ್ನು ನೋಡಿದಳು. ಹದಿನೆಂಟು ವರ್ಷ ಹೀಗೇ ಆಗಿತ್ತು. ದೊಡ್ಡತ್ತೆ ಬಂದಾಗಲೆಲ್ಲ ಬೈಯುವುದು, ಸೊಸೆ ತಲೆ ತಗ್ಗಿಸುವುದು, ತಾನು ಅಡುಗೆಮನೆಗೆ ಸರಿದುಬಿಡುವುದು... ಇಂದು ಸರಿದರೆ ಮುಗಿಯಿತು. ಸತ್ತವರ ಮನೆಯಲ್ಲಿ ಹೊತ್ತ ಅಪವಾದ ಇಳಿಯುವಂಥದ್ದಲ್ಲ. ಅಜ್ಜಿ ಮಂಡಿಗೆ ಕೈಯೂರಿ, ಮನಸ್ಸಿನಲ್ಲೇ ದೇವರನ್ನು ನೆನೆದು ಎದ್ದಳು.

“ಅತ್ತಿಗೆ... ಅವರನ್ನ ಹೊರಗೆ ಕಳಿಸಿದ್ದು ಅವಳಲ್ಲ. ನಾನು!”

“ಏನಂದೆ?”

“ನನ್ನ ತಮ್ಮನೂ ಅದೇ ಸೈನ್ಯದಲ್ಲಿದ್ದ, ನಿಮಗೆ ಗೊತ್ತು. ಅವನನ್ನ ಮಣ್ಣು ಮಾಡಿದ ದಿನ ತುತ್ತೂರಿ ಊದಿದ್ದು ಇವರೇ. ಸತ್ತ ಸಿಪಾಯಿಗೆ ಕೊನೇ ಮರ್ಯಾದೆ, ಕೆಲಸ ಅದು, ಊದಲೇಬೇಕು. ಕೆನ್ನೆ ಮೇಲೆ ನೀರು ಸುರೀತಿತ್ತು, ಆದ್ರೆ ಒಂದು ಸ್ವರ ಅಲುಗಲಿಲ್ಲ... ಆಮೇಲೆ ಎಷ್ಟೋ ವರ್ಷ ಕಳೆದು, ಮನೆಗೆ ಬಂದ ಖುಷೀಲಿ ಇಲ್ಲೇ ನಿಂತು ಊದಿದರು. ನನ್ನ ಕಣ್ಣ ಮುಂದೆ ಆ ಗುಂಡಿಯೇ ಬಂತು ಅತ್ತಿಗೆ! ಕೈಲಿದ್ದ ಪಾತ್ರೆ ಬಿಟ್ಟು ಕುಸಿದು ಕೂತೆ. ನೋಡಿದವಳು ಇವಳೊಬ್ಬಳೇ.”

“ಅವನಿಗೆ ಒಂದು ಮಾತು ಹೇಳಬಾರದಿತ್ತೇನೇ?”

“ಹೇಳಿದ್ರೆ ಈ ಜನ್ಮದಲ್ಲಿ ಅದನ್ನ ಮತ್ತೆ ಮುಟ್ತಿರಲಿಲ್ಲ! ಬಿಟ್ಟುಬಿಡ್ತಿದ್ದರು, ನನಗೋಸ್ಕರ... ಆಮೇಲೆ ಅವರಲ್ಲಿ ಏನು ಉಳೀತಿತ್ತು? ‘ನೀವು ಸುಮ್ಮನಿರಿ ಅತ್ತೆ, ನಾನು ನೋಡ್ಕೋತೀನಿ’ ಅಂತ ಈ ಹುಡುಗಿ ಎದ್ದು ಹೋದಳು. ಮದುವೆಯಾಗಿ ಎರಡು ವರ್ಷ ತುಂಬಿರಲಿಲ್ಲ! ನೀವು ಬೈದಿರಿ, ಅವಳು ನುಂಗಿದಳು. ನಾನು... ನಾನು ಬಾಯಿಗೆ ಬೀಗ ಹಾಕ್ಕೊಂಡು ಕೂತೆ. ಹೇಡಿ ನಾನು!”

ಡ್ರಮ್ಮಣ್ಣ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

“ನೀವೆಲ್ಲ ಅಳ್ತಾ ಇದ್ದೀರಿ. ಅವನೇನು ಬೇಜಾರು ಮಾಡ್ಕೊಂಡಿದ್ದನಾ? ‘ಸೊಸೆ ಹೊರಗೆ ಹಾಕದಿದ್ರೆ ಗೋಡೆಗೆ ಊದ್ತಾ ಊದ್ತಾ ಸಾಯ್ತಿದ್ದೆ ಕಣೋ, ಈಗ ಗುಡ್ಡವೇ ನನ್ನ ಮನೆ’ ಅಂತ ನೂರು ಸಲ ಹೇಳಿದ್ದಾನೆ. ನೂರಾ ಒಂದನೇ ಸಲಕ್ಕೆ ನಾನೇ ಕೈ ಮುಗಿದೆ!”

“ಅವರಿಗೆ ನಿಜ ಗೊತ್ತಿತ್ತಾ?” ಅಜ್ಜಿ ಕೇಳಿದಳು.

“ಅದು ಅವನಿಗೂ ಮೇಲಿರೋನಿಗೂ ಗೊತ್ತು ತಾಯಿ. ನನಗೆ ಹೇಳಿಲ್ಲ.”

ದೊಡ್ಡತ್ತೆ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, ಮತ್ತೆ ತೆಗೆದಳು. “ಹದಿನೆಂಟು ವರ್ಷ ನನ್ನ ಬಾಯಿಗೆ ಸಿಕ್ಕಿ ಬೆಂದೆಯಲ್ಲೇ... ಒಂದು ದಿನಾನಾದ್ರೂ ತಿರುಗಿ ಬೈಯಬಾರದಿತ್ತಾ?”

“ಬೈದಿದ್ದೀನಿ ದೊಡ್ಡತ್ತೆ. ಹೊಲಿಗೆ ಮಿಷನ್ ತುಳಿಯುವಾಗ. ಆ ಗಡಗಡದಲ್ಲಿ ಯಾರಿಗೂ ಕೇಳಿಸಲ್ಲ.”

ಮೊದಲು ನಕ್ಕವಳು ದೊಡ್ಡತ್ತೆಯೇ. ಆ ನಗುವಿನ ನಡುವೆಯೇ ಬಿಕ್ಕಿದಳು. ಎದ್ದು ಬಂದು, ಸೊಸೆಯ ರಟ್ಟೆ ಹಿಡಿದು ಮುಂದಿನ ಸಾಲಿಗೆ ತಂದು ನಿಲ್ಲಿಸಿದಳು. “ಮೊದಲು ನೀನೇ ಹೇಳು. ಆಮೇಲೆ ನಾವು.”

ಸೊಸೆ ಸೆರಗು ಸರಿಮಾಡಿಕೊಂಡು ಅಜ್ಜಿಯ ಕಡೆ ತಿರುಗಿದಳು.

“ಮಾವನ್ನ ಹೊರಗೆ ಕಳಿಸಿದ ಮೇಲೆ ಒಂದು ವಾರ ನನಗೆ ಅನ್ನ ಸೇರಲಿಲ್ಲ. ಎಂಟನೇ ದಿನ ಮಗುನ ಹೆಗಲಿಗೆ ಹಾಕ್ಕೊಂಡು ಅವರ ಹಿಂದೇನೇ ಹೋದೆ. ಗುಡ್ಡದ ಮೇಲಿನ ನೀರಿನ ಟ್ಯಾಂಕಿನ ಮರೆಯಲ್ಲಿ ಕೂತು ಕೇಳಿದೆ. ಆಮೇಲೆ ಹಾಲು ತರೋ ನೆಪ ಹೇಳಿ ವಾರಕ್ಕೆರಡು ಸಲ ಹೋಗೋದು ರೂಢಿಯಾಯ್ತು. ನೋಡಿದ್ದರೋ ಇಲ್ಲವೋ, ಮಾವ ಎಂದೂ ಕೇಳಲಿಲ್ಲ. ದಿನಾ ಕೊನೆಗೆ ತಾವೇ ಕಟ್ಟಿದ ಒಂದು ರಾಗ ಊದೋರು. ಮುಗಿಸಿ, ಈ ಮನೆ ಕಡೆ ತಿರುಗಿ, ‘ಕೇಳಿಸ್ತೇನೇ?’ ಅಂತ ಕೂಗೋರು... ನಿಮ್ಮನ್ನ ಅತ್ತೆ.”

“ನನ್ನನ್ನಾ?”

“ಹ್ಞೂಂ. ಮತ್ಯಾರನ್ನ ಹಾಗೆ ಕೂಗ್ತಾರೆ?”

ಅಜ್ಜಿ ಗೋಡೆಗೆ ಒರಗಿದಳು. “ಹೇಗಿತ್ತಮ್ಮ ಅದು?”

“ತಡ್ಕೋತೀರಾ ಅತ್ತೆ?”

“ನಿನ್ನ ದನಿಯಲ್ಲಾದ್ರೆ ತಡ್ಕೋತೀನಿ. ಹಾಡು.”

ಸೊಸೆ ಕಣ್ಮುಚ್ಚಿದಳು. ಅದಕ್ಕೆ ಮಾತುಗಳಿರಲಿಲ್ಲ, ಬರೀ ಗುನುಗು. ಗುಡ್ಡದ ಕಾಲುದಾರಿಯಂತೆ ಬಳಸಿ ಬಳಸಿ ಏರಿತು, ನೆತ್ತಿಯಲ್ಲಿ ಒಂದು ಗಳಿಗೆ ನಿಂತು ದಣಿವಾರಿಸಿಕೊಂಡಿತು, ಮತ್ತೆ ಮೆಲ್ಲಗೆ ಮನೆಯ ಕಡೆ ಇಳಿಯಿತು. ಅದರಲ್ಲಿ ಸಾವಿರಲಿಲ್ಲ, ಬೆಳಗಿತ್ತು. ಬಿಗಿದು ಹಿಡಿದಿದ್ದ ಅಜ್ಜಿಯ ಮುಷ್ಟಿ ಬಿಚ್ಚಿಕೊಂಡಿತು. ಡ್ರಮ್ಮಣ್ಣನ ಬೆರಳು ತಮಗೆ ತಾವೇ ಕುರ್ಚಿಯ ಕೈಮೇಲೆ ತಾಳ ಹಿಡಿದವು.

ಗುನುಗು ನಿಂತಿತು. ಅಜ್ಜಿ ನಿಧಾನವಾಗಿ ಕಿಟಕಿಯ ಬಳಿಗೆ ಹೋದಳು. ಕಂಬಿಯ ಆಚೆ ಗುಡ್ಡ ಬಿಸಿಲಿಗೆ ಮೈಯೊಡ್ಡಿ ಕೂತಿತ್ತು. ದೂರದವರಿಗೆ ಉತ್ತರ ಕೊಡುವಾಗ ಹೆಂಗಸರು ದನಿ ಎತ್ತುವ ಹಾಗೆ, ಜೋರಾಗಿ ಕೂಗಿದಳು:

“ಕೇಳಿಸ್ತು ಕಣ್ರೀ!”