ಉಗಿದ ಬಿಸ್ಕತ್ತು

ಓವನ್ ಮೇಸ್ತ್ರಿ ತಂದುಕೊಟ್ಟ ಬಿಸ್ಕತ್ತನ್ನು ನಾನು ಕಪ್ಪಿಗೆ ಉಗಿದದ್ದನ್ನು ಅವನೇ ಕಣ್ಣಾರೆ ನೋಡಿಬಿಟ್ಟ.

ಬೇರೆ ಯಾರಾದರೂ ಆಗಿದ್ದರೆ ಪರವಾಗಿರಲಿಲ್ಲ. ಬಿಸ್ಕತ್ತಿನ ಫ್ಯಾಕ್ಟರಿಯಲ್ಲಿ ರುಚಿ ನೋಡುವುದೇ ನನ್ನ ಕೆಲಸ. ಅಗಿದು, ಉಗಿದು, ಬಾಯಿ ಮುಕ್ಕಳಿಸಿ, ಸಿಹಿ ಹೆಚ್ಚೋ ಕಡಿಮೆಯೋ ಹೇಳಬೇಕು. ಎಲ್ಲವನ್ನೂ ನುಂಗುತ್ತ ಕೂತರಾಗದು. ಆದರೆ ಬೆಳಗಿನ ಮೊದಲ ಟ್ರೇಯಿಂದ ಒಂದು ಬೆಣ್ಣೆ ಬಿಸ್ಕತ್ತನ್ನು ಅವನು ತಂದುಕೊಡುತ್ತಿದ್ದ. ಅದೊಂದನ್ನು ಮಾತ್ರ ನುಂಗುತ್ತಿದ್ದೆ. ನಾನು ನುಂಗುವವರೆಗೂ ಅವನು ಬಾಗಿಲ ಹತ್ತಿರ ಸುಮ್ಮಸುಮ್ಮನೆ ಗ್ಲೌಸ್ ಸರಿಮಾಡಿಕೊಳ್ಳುತ್ತ ನಿಂತಿರುತ್ತಿದ್ದ. ಇಬ್ಬರಿಗೂ ಅರ್ಥವಾಗಿತ್ತು, ಇಬ್ಬರೂ ಬಾಯಿಬಿಟ್ಟಿರಲಿಲ್ಲ.

ಆಮೇಲೆ ನಾನು ಆಪರೇಷನ್‌ಗೆಂದು ದೀರ್ಘ ರಜೆ ಹಾಕಿದೆ. ಯಾವ ಆಪರೇಷನ್ ಎಂದು ಫ್ಯಾಕ್ಟರಿಯಲ್ಲಿ ಯಾರಿಗೂ ಹೇಳಲಿಲ್ಲ. ವಾಪಸ್ ಬಂದಾಗ ಗುರುತು ಸಿಗದಷ್ಟು ತೂಕ ಇಳಿದಿದ್ದೆ. ಮೊದಲ ದಿನವೇ ಹೀಗಾಯಿತು.

"ಸಣ್ಣಗಾದ್ಮೇಲೆ ನಮ್ಮ ಬಿಸ್ಕತ್ತು ಗಂಟಲಲ್ಲಿ ಇಳಿಯಲ್ಲ ಅಲ್ವಾ, ಮೇಡಂ?" ಎಂದ. ಮುಂಚೆ ‘ನಾಲಿಗೆ ಮೇಡಂ’ ಎಂದು ಕರೆಯುತ್ತಿದ್ದವನು, ಈಗ ಬರೀ ಮೇಡಂ ಎಂದ.

ನನಗೆ ಮೈಯೆಲ್ಲ ಉರಿದುಹೋಯಿತು. ದಪ್ಪ ಇದ್ದಾಗ ಕಂಡಕಂಡವರೆಲ್ಲ ಬುದ್ಧಿ ಹೇಳಿದರು. ಬಾಯಿ ಕಟ್ಟು ಅಂದರು, ಕಟ್ಟಿದೆ. ಓಡಿದೆ, ಇಳಿದೆ, ಮತ್ತೆ ಏರಿದೆ. ತೂಕ ಇಳಿದಾಗ ದೇಹವೇ ಹಸಿವಿನ ಹಾರ್ಮೋನನ್ನು ಏರಿಸುತ್ತದೆ, ಅದು ನಿನ್ನ ತಪ್ಪಲ್ಲ ಎಂದು ಹೇಳಿದವರು ಡಾಕ್ಟರ್ ಒಬ್ಬರೇ. ಕೊನೆಗೆ ಹೊಟ್ಟೆ ಕೊಯ್ಯಿಸಿಕೊಂಡರೆ ಚಿಕ್ಕಮ್ಮ ಆಸ್ಪತ್ರೆಯ ಮಂಚದ ಪಕ್ಕದಲ್ಲೇ ಕೂತು, "ಸುಲಭದ ದಾರಿ ಹಿಡಿದ್ಯಲ್ಲೇ" ಅಂದಳು. ಸುಲಭವಂತೆ! ಈಗ ಇವನು ಬೇರೆ.

ಮಾರನೆಯ ದಿನ ಅವನು ಮತ್ತೆ ಬಿಸ್ಕತ್ತು ತಂದ. ಮೇಜಿನ ಮೇಲಿಟ್ಟು, ಕೈಕಟ್ಟಿ ನಿಂತು, ನೇರ ನನ್ನ ಬಾಯನ್ನೇ ನೋಡಿದ. ನಾನೂ ಅವನ ಕಣ್ಣಲ್ಲಿ ಕಣ್ಣಿಟ್ಟು ಅದನ್ನು ತಿಂದೆ. ಪಕ್ಕದ ಟ್ರೇಯಿಂದ ಕ್ರೀಮ್ ಬಿಸ್ಕತ್ತುಗಳನ್ನೂ ಎತ್ತಿಕೊಂಡು ಒಂದಾದ ಮೇಲೊಂದು ನುಂಗಿದೆ. "ಸಮಾಧಾನ ಆಯ್ತಾ?" ಎಂದೆ. ಅವನು ಮುಖ ತಿರುಗಿಸಿಕೊಂಡು ಹೋದ.

ಸ್ವಲ್ಪ ಹೊತ್ತಿಗೇ ಎದೆ ಡವಡವ ಹೊಡೆದುಕೊಂಡಿತು. ಬೆವರು ಕಿತ್ತು ಬಂತು, ಕಣ್ಣು ಕತ್ತಲಿಟ್ಟಿತು. ಹಿಂದಿನ ಮೆಟ್ಟಿಲವರೆಗೆ ಗೋಡೆ ಹಿಡಿದು ಹೋಗಿ ಕುಸಿದು ಕೂತೆ. ಕಿಟಕಿಯಿಂದ ನೋಡಿದನೋ ಏನೋ, ಅವನು ಓಡಿ ಬಂದ. ಟೋಪಿ ತೆಗೆದು ಗಾಳಿ ಹಾಕತೊಡಗಿದ.

"ಆಂಬುಲೆನ್ಸ್ ಕರೀಲಾ?"

"ಬೇಡ. ಸಕ್ಕರೆ ಜಾಸ್ತಿಯಾದ್ರೆ ಹೀಗಾಗುತ್ತೆ ಅಂತ ಡಾಕ್ಟರ್ ಹೇಳಿದಾರೆ. ಸುಮ್ನೆ ಕೂತ್ರೆ ಇಳಿಯುತ್ತೆ."

"ಏನ್ರೀ ಆಪರೇಷನ್ ಅದು?"

ಹೇಳಿದೆ, ಬೈದ ಹಾಗೆಯೇ ಹೇಳಿದೆ. "ಹೊಟ್ಟೆ ಮೇಲ್ಗಡೆ ಪುಟ್ಟ ಚೀಲ ಮಾಡಿ, ಕೆಳಗಿನ ಕರುಳು ತಂದು ಅದಕ್ಕೆ ಹೊಲಿದಿದ್ದಾರೆ. ತಿಂದಿದ್ದು ಬೇಗ ಕರುಳಿಗೆ ಇಳಿಯುತ್ತೆ. ಕರುಳು ‘ಸಾಕು’ ಅನ್ನೋ ಹಾರ್ಮೋನ್‌ಗಳನ್ನ ಮುಂಚೆಗಿಂತ ಜೋರಾಗಿ ಕಳಿಸುತ್ತೆ. ಹಸಿವು ಮೊದಲಿನ ಹಾಗೆ ಕಾಡಲ್ಲ. ಸಿಹಿ ನಾಲಿಗೆಗೆ ಹೊಡೆಯುತ್ತೆ. ಒಟ್ಟಿಗೆ ಇಳಿದ್ರೆ ಹೀಗೆ ಬೀಳಿಸುತ್ತೆ. ನಿನ್ನೆ ಉಗಿದಿದ್ದು ಅದಕ್ಕೇರೀ! ಕೊಬ್ಬಿಗಲ್ಲ!"

"ನನಗೊಂದು ಮಾತು ಹೇಳ್ಬಹುದಿತ್ತಲ್ಲ."

"ಹೇಳಿದ್ರೆ ನೀವೂ ಸುಲಭದ ದಾರಿ ಅಂತಿದ್ರಿ."

ಅವನು ಯೋಚಿಸಿದ. "ಅಂತಿದ್ನೋ ಏನೋ. ಗೊತ್ತಿರ್ಲಿಲ್ವಲ್ಲ. ನಾನು ಬೇರೇನೇ ಅಂದ್ಕೊಂಡೆ. ನೀವು ಇಷ್ಟು ಚೆನ್ನಾಗಾಗಿಬಿಟ್ರಿ, ಇನ್ನು ನಾನೆಲ್ಲಿ ಕಣ್ಣಿಗೆ ಕಾಣ್ತೀನಿ ಅಂತ."

"ಮುಂಚೆ ಚೆನ್ನಾಗಿರ್ಲಿಲ್ವಾ?"

"ಚೆನ್ನಾಗಿಲ್ದೆ ಇದ್ದಿದ್ರೆ ದಿನಾ ಬಿಸ್ಕತ್ತು ಹೊತ್ಕೊಂಡು ಬರ್ತಿದ್ನಾ?" ಅವನಿಗೂ ಸಿಟ್ಟು ಬಂದಿತ್ತು. ಕಿವಿಯವರೆಗೆ ಕೆಂಪಾಗಿದ್ದ, ನನಗೆ ನಗು ತಡೆಯಲಾಗಲಿಲ್ಲ.

"ಹಸಿವೇ ಕಡಿಮೆ ಆದ್ರೆ, ಬೇರೆ ಆಸೆಗಳೂ..." ಎಂದು ಅರ್ಧಕ್ಕೆ ನಿಲ್ಲಿಸಿ ಗ್ಲೌಸ್ ಸರಿಮಾಡಿಕೊಂಡ.

"ಅದಕ್ಕೆ ಡಾಕ್ಟರ್ ಕೈ ಹಾಕಿಲ್ಲ," ಎಂದೆ.

ಮಾರನೆಯ ದಿನ ಬಿಸ್ಕತ್ತು ಬರಲಿಲ್ಲ. ಮಧ್ಯಾಹ್ನ ಊಟದ ಡಬ್ಬಿ ಹಿಡಿದುಕೊಂಡು ಅವನೇ ಬಂದು ನನ್ನೆದುರು ಕೂತ. ನಾಲ್ಕು ತುತ್ತಿಗೆ ಡಬ್ಬಿ ಖಾಲಿ ಮಾಡುವ ಮನುಷ್ಯ, ನನ್ನನ್ನು ನೋಡಿ ನೋಡಿ ನನ್ನ ಹಾಗೇ ಒಂದೊಂದು ತುತ್ತನ್ನೂ ನಿಧಾನಕ್ಕೆ ಅಗಿದ. ನೀರಿಗೆ ಕೈ ಚಾಚಿದಾಗ, "ಊಟದ ಮಧ್ಯೆ ನೀರು ಕುಡಿಯೋ ಹಾಗಿಲ್ಲ," ಎಂದು ಗದರಿದೆ. ಆ ನಿಯಮ ನನಗೆ ಮಾತ್ರ, ಅವನಿಗಲ್ಲ. ಆದರೂ ಪಾಪ, ಕೈ ಹಿಂದಕ್ಕೆ ತೆಗೆದುಕೊಂಡ.

ಪ್ಯಾಕಿಂಗ್ ವಿಭಾಗದವಳು ಹಾದುಹೋಗುತ್ತ, "ಏನ್ ಮೇಸ್ತ್ರೀ, ನೀವೂ ಡಯಟ್ಟಾ?" ಎಂದಳು. ಅವನು ಬಾಯತ್ತ ಬೆರಳು ತೋರಿಸಿ ಅಗಿಯುತ್ತಲೇ ಇದ್ದ.

ಅವಳು ಹೋದ ಮೇಲೆ ಕೇಳಿದ: "ಜೀವನಪೂರ್ತಿ ಹೀಗೇ ತಿನ್ಬೇಕಾ?"

ಮತ್ತೆ ಸಿಟ್ಟು ನೆತ್ತಿಗೇರಿತು. "ಹೌದು. ನಾನು ಜೀವನಪೂರ್ತಿ ಹೀಗೇ. ಏನೀಗ?"

"ನಾನು ಕೇಳಿದ್ದು ನನ್ನ ಬಗ್ಗೆ."

ಊಟದ ಬಿಡುವು ಮುಗಿದ ಸೈರನ್ ಕೂಗಿತು. ಅವನ ಡಬ್ಬಿಯಲ್ಲಿ ಇನ್ನೂ ಅರ್ಧ ಊಟ ಹಾಗೇ ಇತ್ತು. ಇಬ್ಬರೂ ಏಳಲಿಲ್ಲ.