ನಡೆಮಡಿಯ ಅಳತೆ

"ನಿಧಾನ... ಜಾರುತ್ತೆ!"

ಗಂಡ ಅವಳೊಡನೆ ಆಡಿದ ಮೊದಲ ಮಾತು ಅದು.

ಶಿಕಾರಿಪುರದ ಆ ಮನೆಯ ಹೊಸ್ತಿಲಲ್ಲಿ ಸೇರಕ್ಕಿ ಒದ್ದು ಆಗಿತ್ತು. ತಟ್ಟೆಯ ಕುಂಕುಮದ ನೀರಿನಲ್ಲಿ ಪಾದ ಅದ್ದಿ, ಮಡಿವಾಳರ ಚೌಡಪ್ಪ ನೆಲಕ್ಕೆ ಹಾಸಿದ್ದ ಬಿಳಿ ಬಟ್ಟೆಯ ಮೇಲೆ, ಆ ನಡೆಮಡಿಯ ಮೇಲೆ, ಹೂವಮ್ಮ ಒಳಗೆ ನಡೆದು ಬರಬೇಕಿತ್ತು. ತಲೆ ಎತ್ತಬೇಡ ಅಂತ ಅವ್ವ ತವರೂರು ಸೊರಬದಲ್ಲೇ ಹೇಳಿ ಕಳಿಸಿದ್ದಳು. ಹೆಣ್ಣು ನೋಡಲು ಬಂದಾಗಲೂ ಅವಳು ತಲೆ ಎತ್ತಿರಲಿಲ್ಲ. ಮದುವೆಯಲ್ಲಿ ಬಾಸಿಂಗದ ಮರೆ. ಈಗ ಒಮ್ಮೆ... ಒಂದೇ ಒಮ್ಮೆ ಆ ಮುಖ ನೋಡಬೇಕು ಅನಿಸಿತು.

ಕಣ್ಣೆತ್ತಿದಳು. ಅವನೂ ಇವಳನ್ನೇ ನೋಡುತ್ತಿದ್ದ!

ಅಷ್ಟೇ. ಬಲಗಾಲಿನ ಒದ್ದೆ ಹಿಮ್ಮಡಿ ಸರ್ರನೆ ಹಿಂದಕ್ಕೆ ಜಾರಿತು. ಗಂಡ ಆನಂದಪ್ಪ ಅವಳ ಮೊಣಕೈ ಹಿಡಿದುಕೊಂಡ. ನೆರೆದ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಹೂವಮ್ಮನ ಮುಖ ಕಾಲಿಗಿಂತ ಕೆಂಪಾಯಿತು.

"ಚೌಡಪ್ಪ, ಈ ಮಡಿ ನೀನು ಒಯ್ಯಬ್ಯಾಡಪ್ಪ," ಎಂದರು ಅತ್ತೆ ಬಂಗಾರಮ್ಮ. "ನಿನಗೆ ಹೊಸಾ ಪಂಚೆ ಕೊಡ್ತೀನಿ. ನನ್ನ ಸೊಸೆ ಹೆಜ್ಜೆ ನನ್ನ ಪೆಟ್ಟಿಗೆಯೊಳಗೆ ಇರಲಿ."

ಅದಾಗಿ ಎರಡು ತಿಂಗಳು. ಐವತ್ತೇಳನೇ ಇಸವಿಯ ಬೇಸಿಗೆ ರಜೆ ಶುರುವಾಗಿತ್ತು. ಬಂಗಾರಮ್ಮನವರ ನಡುಮನೆಯಲ್ಲಿ ಎರಡು ಟ್ರಂಕು ಬಾಯಿ ತೆರೆದು ಕೂತಿದ್ದವು.

ಆನಂದಪ್ಪ ಮಿಡ್ಲ್ ಸ್ಕೂಲಿನ ಭೂಗೋಳದ ಮೇಷ್ಟ್ರು. ಹಲಗೆಯ ಮೇಲೆ ಕಣ್ಮುಚ್ಚಿ ಬೇಕಾದರೂ ಸಿಲೋನಿನ ಕರಾವಳಿ ಬರೆಯಬಲ್ಲ. ಆದರೆ ಸಮುದ್ರ ಎಂಬುದನ್ನು ಕಣ್ಣಾರೆ ಕಂಡವನಲ್ಲ! ಜೊತೆಗೆ ಓದಿದ ಆನವಟ್ಟಿಯ ಲೋಕಪ್ಪ ಈಗ ಕೊಲಂಬೊ ಹತ್ತಿರ ಕಡಲ ದಂಡೆಯ ಹೋಟೆಲೊಂದರಲ್ಲಿ ಮ್ಯಾನೇಜರು. 'ಹೆಂಡತಿ ಕರಕೊಂಡು ಬಾ. ಹದಿನೈದು ದಿನ ನನ್ನ ಅತಿಥಿಗಳಾಗಿ ಇರಿ. ಕಿಟಕಿ ತೆಗೆದರೆ ಸಮುದ್ರ, ಬಾಗಿಲು ತೆಗೆದರೆ ಮರಳು,' ಅಂತ ಬರೆದಿದ್ದ.

ಪಾಸ್‌ಪೋರ್ಟು ಬಂತು. ಇಬ್ಬರಿಗೂ ಸೇರಿ ಒಂದೇ ಪುಸ್ತಕ, ಪಕ್ಕಪಕ್ಕದಲ್ಲಿ ಎರಡು ಫೋಟೋ. ಕಾಲರಾ ಸೂಜಿ ಹಾಕಿಸಿಕೊಂಡದ್ದಾಯಿತು. ಹೂವಮ್ಮ ತುಟಿ ಕಚ್ಚಿ ಸುಮ್ಮನಿದ್ದಳು, ಮೇಷ್ಟ್ರೇ ಬೆವತು ಬೆಂಚಿನ ಮೇಲೆ ಕೂತುಬಿಟ್ಟಿದ್ದರು.

ಇನ್ನು ಬಂಗಾರಮ್ಮನವರ ಸಡಗರ ಕೇಳಬೇಕೆ! ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಮಾವಿನ ಮಿಡಿ ಉಪ್ಪಿನಕಾಯಿ.

"ಅಲ್ಲಿ ನೀರೆಲ್ಲ ಉಪ್ಪಂತಲ್ಲೋ ಆನಂದ? ಒಂದು ಬಿಂದಿಗೆ ನೀರು ಕಟ್ಟಿಕೊಡ್ಲಾ?"

"ಅವ್ವಾ, ಅಲ್ಲೂ ಬಾವಿ ಇರ್ತಾವೆ."

"ಇರ್ತಾವೆ ಅಂತ ನೀನು ಕಂಡೀಯ? ಪುಸ್ತಕದಾಗೆ ಓದಿದ್ದು! ಅದೂ ಅಲ್ದೆ, ರಾವಣ ಕದ್ದು ಒಯ್ದ ಊರಿಗೆ ನೀನಾಗೇ ಹೆಂಡ್ತಿ ಕರಕೊಂಡು ಹೋಗ್ತೀಯಲ್ಲೋ!"

ಹೂವಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. ಮೈಸೂರಿನಲ್ಲಿ ಬಿ.ಎ. ಓದಿದವಳು. ಓದಿದ ಹುಡುಗಿ ಅಂತ ಯಾರೂ ಬೆರಳು ತೋರಿಸಬಾರದೆಂದು ಈ ಮನೆಯಲ್ಲಿ ಅಳೆದು ತೂಗಿ ಮಾತಾಡುತ್ತಿದ್ದಳು. ಕಾಲೇಜಿಗೆ ಹಾಕುತ್ತಿದ್ದ ಚಪ್ಪಲಿಯನ್ನು ಕೂಡ ಸೊರಬದಲ್ಲೇ ಬಿಟ್ಟು ಬರಿಗಾಲಲ್ಲಿ ಬಂದಿದ್ದಳು. ಇಲ್ಲಿ ಹೆಂಗಸರು ಯಾರೂ ಚಪ್ಪಲಿ ಮೆಟ್ಟುತ್ತಿರಲಿಲ್ಲ.

ಗಂಡನ ಜೊತೆಗೂ ಅಷ್ಟೇ. 'ಊಟಕ್ಕೆ ಬನ್ನಿ', 'ಹೂಂ', 'ಉಹುಂ'. ಉಳಿದ ಮಾತೆಲ್ಲ ಡೈರಿಗೆ. ಹದಿನೈದು ದಿನ ಇಬ್ಬರೇ ಇದ್ದರೆ ಡೈರಿಯಲ್ಲಿರೋದು ಬಾಯಿಗೆ ಬರಬಹುದೇನೋ... ಆ ಆಸೆಯೇ ಅವಳಿಗೆ ಸಮುದ್ರಕ್ಕಿಂತ ದೊಡ್ಡದಾಗಿತ್ತು.

ನಾಳೆ ಬೆಳಿಗ್ಗೆ ಬಸ್ಸು ಅನ್ನುವಾಗ, ಮಧ್ಯಾಹ್ನ ಪಕ್ಕದ ಮನೆಯ ರಾಜೇಶ್ವರಮ್ಮ ಬಂದು ಕೂತರು. ಟ್ರಂಕಿನೊಳಗೆ ಒಮ್ಮೆ, ಹೂವಮ್ಮನ ಮುಖದೊಳಗೆ ಒಮ್ಮೆ ಇಣುಕಿದರು.

"ಲೋಕಪ್ಪನ ತಂಗಿ ತುಂಗಮ್ಮನೂ ಅಲ್ಲೇ ಅದಾಳಂತಲ್ಲ?"

"ನನಗೆ ಗೊತ್ತಿಲ್ಲ, ಅಮ್ಮ."

"ಅಯ್ಯೋ, ಹೇಳಿಲ್ವಾ! ಏನು ಎತ್ತರ ಅಂತೀಯ ಆ ಹುಡುಗಿ, ಬಾಗಿಲಿಗೆ ಬಗ್ಗಬೇಕು. ಒಂದು ಕಾಲಕ್ಕೆ ನಮ್ಮ ಮೇಷ್ಟ್ರಿಗೇ ಅಂತ ಮಾತಾಗಿತ್ತವ್ವ... ಇರ್ಲಿ ಬಿಡು, ಹಳೇ ಮಾತು."

ಹಳೇ ಮಾತನ್ನು ಹೊಸದಾಗಿ ಇಟ್ಟು ರಾಜೇಶ್ವರಮ್ಮ ಎದ್ದು ಹೋದರು.

'ಇದ್ದರೆ ಇರಲಿ. ನನಗೇನು?' ಅಂದುಕೊಂಡಳು ಹೂವಮ್ಮ. ಗಂಡನ ಟ್ರಂಕಿನಲ್ಲಿ ಅವನ ಪಂಚೆಗಳನ್ನು ಜೋಡಿಸತೊಡಗಿದಳು. ತಳದಲ್ಲಿ ಏನೋ ಕೈಗೆ ಗಟ್ಟಿಯಾಗಿ ತಗುಲಿತು. ಹಳೇ ಪೇಪರಿನ ಕಟ್ಟು. ಬಿಚ್ಚಿದಳು.

ಒಂದು ಜೊತೆ ಹೆಂಗಸರ ಚಪ್ಪಲಿ! ಕೆಂಪು ಪಟ್ಟಿ, ಹೊಸ ಚರ್ಮದ ವಾಸನೆ.

ನನಗಾ...? ಬಾಗಿಲ ಕಡೆ ನೋಡಿ, ಮೆಲ್ಲಗೆ ಬಲಗಾಲು ತೂರಿಸಿದಳು.

ಹಿಮ್ಮಡಿಯ ಹಿಂದೆ ಒಂದು ಹೆಬ್ಬೆರಳಿನಷ್ಟು ಜಾಗ ಖಾಲಿ ಉಳಿಯಿತು.

ನನ್ನದಲ್ಲ.

ಹೆಂಡತಿಗೆ ಮಾಡಿಸುವವರು ಕಾಲಿನ ಅಳತೆ ಕೇಳುವುದಿಲ್ಲವೇ? ಇವರು ಕೇಳಿಲ್ಲ. ಯಾಕೆಂದರೆ ಇದು ಹೆಂಡತಿಗಲ್ಲ. ಬಾಗಿಲಿಗೆ ಬಗ್ಗಬೇಕಾದಷ್ಟು ಎತ್ತರದವಳಿಗೆ... ದೊಡ್ಡ ಪಾದದವಳಿಗೆ!

ಚಪ್ಪಲಿಯನ್ನು ಇದ್ದ ಹಾಗೇ ಕಟ್ಟಿಟ್ಟಳು. ಡೈರಿ ತೆಗೆದು ಒಂದು ಸಾಲು ಬರೆದಳು: 'ನಾನು ಹೋಗುವುದಿಲ್ಲ.' ಮುಂದೆ ಅಕ್ಷರ ಮಂಜಾಯಿತು.

ಇಳಿಹೊತ್ತಿಗೆ ಆನಂದಪ್ಪ ಬಂದ. ಟ್ರಂಕಿನ ಮುಚ್ಚಳದ ಮೇಲೆ ಹೆಸರು ಬರೆಯಲು ಬಿಳಿ ಬಣ್ಣ, ಕುಂಚ ತಂದಿದ್ದ. ಮುಖದ ತುಂಬ ನಗು.

"ಎರಡರ ಮೇಲೂ ಹೆಸರು ಬರೆದುಬಿಡ್ತೀನಿ. ನಿನ್ನ ಟ್ರಂಕು ತುಂಬಿತಾ?"

"ರೀ..." ಹೂವಮ್ಮ ಗೋಡೆಯನ್ನು ನೋಡುತ್ತ ಹೇಳಿದಳು, "ನಾನು ಬರಲ್ಲ. ನನ್ನನ್ನ ಸೊರಬದ ಬಸ್ಸು ಹತ್ತಿಸಿಬಿಡಿ."

ಕುಂಚದಿಂದ ಒಂದು ಹನಿ ಬಣ್ಣ ನೆಲಕ್ಕೆ ಬಿತ್ತು.

"ಯಾಕೆ? ಮೈಗೆ ಹುಷಾರಿಲ್ವಾ?"

"ಸಮುದ್ರ ಅಂದ್ರೆ ಭಯ."

"ನಾನಿರ್ತೀನಲ್ಲ?"

ಅವಳು ಸೆರಗು ಬಿಗಿದುಕೊಂಡು ಗೋಡೆಯ ಕಡೆಗೇ ತಿರುಗಿ ನಿಂತಳು. ಆನಂದಪ್ಪ ಕುಂಚವನ್ನು ಕೆಳಗಿಟ್ಟ. ಅವನ ಮುಖದಿಂದ ನಗು ಆರಿಹೋಯಿತು. ನನ್ನ ಜೊತೆ ಬರೋಕೇ ಇಷ್ಟವಿಲ್ಲ... ಎರಡು ತಿಂಗಳಿಂದ ಅದಕ್ಕೇ ಮಾತಿಲ್ಲ, ಅಂದುಕೊಂಡ ಆ ಪಾಪದ ಮನುಷ್ಯ.

"ಬಲವಂತ ಇಲ್ಲ," ಅಂದ ಮೆಲ್ಲಗೆ. "ಬಸ್ ಏಜೆಂಟಿಗೆ ಹೇಳಿ ಬರ್ತೀನಿ... ಒಂದೇ ಸೀಟು ಸಾಕು ಅಂತ."

ಅವನು ಹೋದ ಮೇಲೆ ಮನೆ ಭಣಗುಟ್ಟಿತು. ಗೋಡೆಗೆ ಒರಗಿಸಿದ್ದ ನಕಾಶೆಯ ಸುರುಳಿ ಹೂವಮ್ಮನ ಕಣ್ಣಿಗೆ ಬಿತ್ತು. ದಾರಿ ತೋರಿಸ್ತೀನಿ ಅಂತ ಸ್ಕೂಲಿನಿಂದ ತಂದಿದ್ದ. ಅವನೊಬ್ಬನೇ ಹೋಗುವ ಊರು ಎಲ್ಲಿದೆಯೋ ನೋಡೋಣವೆಂದು ದಾರ ಬಿಚ್ಚಿದಳು.

ನಕಾಶೆಯ ಜೊತೆ ಇನ್ನೇನೋ ಸುರುಳಿ ಬಿಚ್ಚಿಕೊಂಡಿತು. ಒಂದು ಬಿಳಿ ಬಟ್ಟೆ.

ಬಟ್ಟೆಯ ಮೇಲೆ ಕುಂಕುಮದ ಹೆಜ್ಜೆಗಳು!

ಬಲಗಾಲಿನ ಮೊದಲ ಹೆಜ್ಜೆಯ ಸುತ್ತ ಸೀಸದಕಡ್ಡಿಯ ಗೆರೆ. ಕರಾವಳಿ ಬರೆದು ಪಳಗಿದ ಕೈಯ ಗೆರೆ. ಒಂದೊಂದು ಬೆರಳಿನ ತುದಿಯನ್ನೂ ಬಿಡದೆ ಬಳಸಿಕೊಂಡು ಬಂದಿತ್ತು. ಪಕ್ಕದಲ್ಲಿ, ಚಪ್ಪಲಿ ಹೊಲಿಯುವವನಿಗೆಂದು ಅವನದೇ ಅಕ್ಷರ: 'ಪಟ್ಟಿ ಮೆತ್ತಗಿರಲಿ. ಕಾಲು ಒತ್ತಬಾರದು.'

ಟ್ರಂಕಿನಿಂದ ಬಲಗಾಲಿನ ಚಪ್ಪಲಿ ತೆಗೆದು ಆ ಗೆರೆಯ ಮೇಲಿಟ್ಟಳು.

ಕೂದಲೆಳೆಯಷ್ಟೂ ಹೆಚ್ಚು ಕಡಿಮೆಯಿಲ್ಲ.

ಹಾಗಾದರೆ...? ತನ್ನ ಪಾದವನ್ನೇ ಕುಂಕುಮದ ಗುರುತಿನ ಮೇಲಿಟ್ಟಳು. ಬೆರಳು ಸರಿಹೊಂದಿದವು. ಹಿಮ್ಮಡಿಯ ಹಿಂದೆ ಮಾತ್ರ ಕೆಂಪು ಗುರುತು ಎಳೆದುಕೊಂಡು ಹೋಗಿತ್ತು. ಒಂದು ಹೆಬ್ಬೆರಳಿನಷ್ಟು.

ನಿಧಾನ... ಜಾರುತ್ತೆ!

"ಅಯ್ಯೋ ದೇವರೇ..." ಹೂವಮ್ಮ ಅಲ್ಲೇ ಕುಸಿದು ಕೂತಳು. ಅತ್ತಳೋ ನಕ್ಕಳೋ, ಎರಡೂ ಒಟ್ಟಿಗೇ ಬಂದವು.

ಭರಣಿ ಹಿಡಿದು ಬಂದ ಬಂಗಾರಮ್ಮ ಗಾಬರಿಯಾದರು. "ಏನವ್ವ ಇದು? ಅಯ್ಯ, ನನ್ನ ನಡೆಮಡಿ! ಹೋದ ವಾರ ಕೇಳಿ ಇಸಕೊಂಡ. ಯಾತಕ್ಕೋ ಅಂದ್ರೆ ಪಾಠಕ್ಕೆ ಅಂದ! ಯಾವ ಪಾಠಕ್ಕಂತೆ?"

"ಅತ್ತೆ..." ಹೂವಮ್ಮ ಎದ್ದು ನಿಂತಳು. "ಅವರು ಸೀಟು ಬೇಡ ಅನ್ನೋಕೆ ಹೋಗಿದಾರೆ. ನಾನು ಹೋಗಿ ತಡೀಬೇಕು."

ಬಂಗಾರಮ್ಮ ಸೊಸೆಯ ಮುಖ ನೋಡಿದರು, ಕೈಯಲ್ಲಿದ್ದ ಚಪ್ಪಲಿ ನೋಡಿದರು, ನೆಲದ ಮೇಲಿನ ಬಟ್ಟೆಯ ಗೆರೆ ನೋಡಿದರು. ಬಹುಶಃ ಎಲ್ಲ ಅರ್ಥವಾಯಿತು.

"ಬೀದಿ ಕಾದೈತೆ. ಮೆಟ್ಟಿಕೊಂಡೇ ಹೋಗು."

"ಈ ಮನೇಲಿ ಯಾರೂ..."

"ಹೊಸ್ತಿಲಾಚೆ ಮೆಟ್ಟಿಕೊಳ್ಳವ್ವ, ಯಾರು ಬ್ಯಾಡ ಅಂದ್ರು? ನಮಗೆ ಯಾರೂ ಮಾಡಿಸಿಕೊಡ್ಲಿಲ್ಲ, ಅದಕ್ಕೇ ಮೆಟ್ಟಲಿಲ್ಲ. ಓಡು!"

ಎರಡು ತಿಂಗಳಲ್ಲಿ ಒಬ್ಬಳೇ ಬಾಗಿಲು ದಾಟದಿದ್ದ ಹೂವಮ್ಮ ಬಸ್ ಸ್ಟ್ಯಾಂಡಿನ ಬೀದಿಗಿಳಿದಳು. ಚಪ್ಪಲಿ ಹೆಜ್ಜೆಹೆಜ್ಜೆಗೂ ಪಟ್... ಪಟ್... ಅಂತ ಹಿಮ್ಮಡಿಗೆ ಬಡಿಯುತ್ತಿತ್ತು. ಜಗಲಿಯ ಮೇಲಿದ್ದ ರಾಜೇಶ್ವರಮ್ಮ ಎಲೆ ಮಡಚುವುದನ್ನು ಬಿಟ್ಟು ನೋಡಿದರು. ನೋಡಲಿ! ಈ ಸದ್ದು ಇಡೀ ಶಿಕಾರಿಪುರಕ್ಕೆ ಕೇಳಲಿ!

ಏಜೆಂಟ್ ವೀರಬಸಪ್ಪ ಪೆನ್ನು ಹಿಡಿದು ಪುಸ್ತಕದ ಮೇಲೆ ಬಗ್ಗಿದ್ದರು.

"ಒಬ್ಬರೇನಾ ಮೇಷ್ಟ್ರೇ? ಲಂಕೆಗೆ ಒಬ್ಬರೇ ಹಾರಿ ಹೋದ್ರೆ ಹನುಮಂತ ಆಗಿಬಿಡ್ತೀರಲ್ರೀ!"

"ಒಂದು ಹೆಸರು ಹೊಡೆದುಹಾಕ್ರಿ," ಎಂದ ಆನಂದಪ್ಪ, ನಗದೆ.

"ಹೊಡಿಬೇಡಿ! ಎರಡೂ ಸೀಟು ಇರಲಿ!"

ಅಷ್ಟು ಜೋರು ದನಿ ತನ್ನದೇನಾ? ಬಸ್ ಸ್ಟ್ಯಾಂಡೇ ತಿರುಗಿ ನೋಡಿತು. ಆನಂದಪ್ಪ ಮಾತ್ರ ಅವಳ ಕಾಲನ್ನೇ ನೋಡುತ್ತಿದ್ದ.

ವೀರಬಸಪ್ಪ ಪೆನ್ನು ಮುಚ್ಚಿ ಕಿವಿಗೆ ಸಿಕ್ಕಿಸಿಕೊಂಡರು. "ಸರಿ ತಾಯಿ. ಹನುಮಂತನ ಕೆಲಸ ತಪ್ಪಿತು."

ಮನೆ ಕಡೆ ನಡೆಯುವಾಗ ಸ್ವಲ್ಪ ದೂರ ಚಪ್ಪಲಿ ಒಂದೇ ಮಾತಾಡುತ್ತಿತ್ತು.

"ಇದು... ತುಂಗಮ್ಮನಿಗೆ ಅಂದುಕೊಂಡಿದ್ದೆ," ಎಂದಳು ಹೂವಮ್ಮ ಕೊನೆಗೆ. ತಲೆ ತಗ್ಗಿತ್ತು.

"ತುಂಗಮ್ಮನಿಗಾ?" ಆನಂದಪ್ಪ ನಿಂತೇಬಿಟ್ಟ. "ನಮ್ಮಪ್ಪ ಹೋಗಿ ಕೇಳಿದ್ದು ನಿಜ. ಅವಳು ನನ್ನ ನೋಡಿ, 'ಕುಳ್ಳ, ಬೇಡ' ಅಂದಳು! ಈಗ ತೆಂಗಿನಮರದಂಥ ಗಂಡ ಸಿಕ್ಕಿದಾನೆ, ಎರಡು ಮಕ್ಕಳಿದಾವೆ."

ಹೂವಮ್ಮನಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಕಣ್ಣು ತುಂಬಿತು.

"ನನ್ನ ಕಾಲಿನ ಅಳತೆ ನನ್ನನ್ನೇ ಕೇಳಬಹುದಿತ್ತಲ್ಲ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ." ಅವನ ದನಿ ತಗ್ಗಿತು. "ನಿಮ್ಮನೆಗೆ ಹೆಣ್ಣು ನೋಡೋಕೆ ಬಂದಾಗ ನೀನು ಮುಖ ತೋರಿಸ್ಲಿಲ್ಲ. ಬಾಗಿಲಲ್ಲಿ ನಿನ್ನದೊಂದು ಜೊತೆ ಚಪ್ಪಲಿ ಇತ್ತು. ನಾನು ಅದನ್ನೇ ನೋಡ್ತಾ ಕೂತಿದ್ದೆ. ಆಮೇಲೆ ನೀನು ಬರಿಗಾಲಲ್ಲಿ ಬಂದೆ... ನಿನ್ನಿಂದ ಏನೋ ಕಿತ್ತುಕೊಂಡ ಹಾಗಾಯ್ತು ನನಗೆ. ಮರಳು ಸುಡುತ್ತೆ ಅಂತ ಲೋಕಪ್ಪ ಬರೆದಾಗ, ಒಂದು ನೆಪ ಸಿಕ್ತು."

ಹೂವಮ್ಮ ಕಣ್ಣೆತ್ತಿದಳು. ಈ ಸಲ ತಗ್ಗಿಸಲಿಲ್ಲ.

"ಚಪ್ಪಲಿ ದೊಡ್ಡದಾಯ್ತು. ಆದ್ರೆ ನೀವು ಗೆರೆ ಎಳೆದದ್ದು ತಪ್ಪಲ್ಲ. ಅವತ್ತು ನಾನೇ ಜಾರಿದ್ದು. ಹೆಬ್ಬೆರಳಷ್ಟು."

"ಯಾಕೆ ಜಾರಿದೆ?"

"ನಿಮ್ಮನ್ನ ನೋಡೋಕೆ ಹೋಗಿ."

ಆನಂದಪ್ಪನ ಕಿವಿ ಕೆಂಪಾದವು.

"ಹೂವಿ..." ಮೊದಲ ಸಲ ಹೆಸರು ಹಿಡಿದು ಕರೆದ. "ಬೆಳಿಗ್ಗೆ ಬಸ್ಸಿಗೆ ಮುಂಚೆ ಇದನ್ನ ಸ್ವಲ್ಪ ಚಿಕ್ಕದು ಮಾಡಿಸಿಬಿಡ್ಲಾ?"

"ಬೇಡ."

"ಜಾರುತ್ತೆ..."

"ಜಾರಲಿ. ನೀವು ಹಿಡ್ಕೋತೀರಲ್ಲ."