ದಾದಿಯ ಎರಡು ಹಲ್ಲು

ಡಾಕ್ಟರ್ ವಿಜಯಶ್ರೀ ಮೇಜಿನ ಮೇಲೆ ಮೂರು ಮಾದರಿಗಳನ್ನು ಇಟ್ಟರು. ಒಂದು, ತೆಗೆದು ಮತ್ತೆ ಹಾಕಿಕೊಳ್ಳುವ ಹಲ್ಲಿನ ಸೆಟ್. ಇನ್ನೊಂದು, ಅಂಟಿಸಿ ಕೂರಿಸುವ ಬ್ರಿಡ್ಜ್. ಮೂರನೆಯದರಲ್ಲಿ ಹಲ್ಲಿನ ಕೆಳಗೆ ಸಣ್ಣ ಸ್ಕ್ರೂ ಇತ್ತು.

"ನೋಡ್ರಿ ಅಮ್ಮಾ, ಯಾವುದು ಹಾಕಲಿ?"

ಅಜ್ಜಿ ವಜೀರಬಿ ಬಾಯಿ ತೆರೆಯುವ ಮೊದಲೇ, ಅವಳನ್ನು ದಾದಿ ಎಂದು ಕರೆಯುವ ಮೊಮ್ಮಗಳು ಗಜಾಲಾ ಬ್ರಿಡ್ಜಿನ ಮೇಲೆ ಬೆರಳಿಟ್ಟಳು. "ಇದು ಪಕ್ಕಾ ಕೂಡ್ತದೇನ್ರಿ? ಬೀಳಂಗಿಲ್ಲಲ್ಲ?"

ಬೀಳುವುದಿಲ್ಲ ಎಂದರು ಡಾಕ್ಟರ್. ಗಜಾಲಾಗೆ ಬೇಕಿದ್ದದ್ದು ಅಷ್ಟೇ.

ದಾದಿಯ ಮೇಲಿನ ಸಾಲಿನ ಎರಡು ಮುಂದಿನ ಹಲ್ಲು ಬಿದ್ದು ಆರು ತಿಂಗಳಾಗಿತ್ತು. ಬಸವಕಲ್ಯಾಣದಲ್ಲಿ ಗಜಾಲಾಳ ಶಾಲೆಯಲ್ಲಿ ಮುಂದಿನ ತಿಂಗಳು ಅಜ್ಜ-ಅಜ್ಜಿಯರ ದಿನ. ದಾದಿ ಇಡೀ ಐದನೇ ಕ್ಲಾಸಿನ ಮುಂದೆ ಕತೆ ಹೇಳಬೇಕು. ಹೆಸರು ಕೊಟ್ಟವಳು ಗಜಾಲಾಳೇ.

ಹೆಸರು ಕೊಟ್ಟ ಮೇಲೆ ಅವಳ ಕ್ಲಾಸಿನ ಸಮ್ಯಕ ತನ್ನ ಅಜ್ಜನ ಹಲ್ಲಿನ ಸೆಟ್ಟಿನ ಸುದ್ದಿ ಹೇಳಿದ. ಮದುವೆ ಊಟದಲ್ಲಿ ಅಜ್ಜ ಜೋರಾಗಿ ಸೀನಿದರಂತೆ. ಹಲ್ಲು ಹಾರಿ ಎದುರಿನವರ ತಾಟಿನಲ್ಲಿ, ಭಜಿಯ ಮೇಲೆ ಕೂತಿತಂತೆ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಗಜಾಲಾಳೂ ನಕ್ಕಳು. ಆದರೆ ಮನೆಗೆ ಬರುವ ದಾರಿಯುದ್ದಕ್ಕೂ ಅವಳಿಗೆ ಆ ತಾಟಿನಲ್ಲಿ ದಾದಿಯ ಹಲ್ಲೇ ಕಾಣತೊಡಗಿತು.

ಹಾಗಾಗಿ ಇವತ್ತು ಹುಮನಾಬಾದಿನ ಬಸ್ಸು ಹತ್ತುವ ಮೊದಲೇ ಅವಳು ದಾದಿಯಿಂದ ಮಾತು ತೆಗೆದುಕೊಂಡಿದ್ದಳು. ಪಕ್ಕಾ ಹಲ್ಲೇ ಹಾಕಿಸಬೇಕು.

ಸ್ಕ್ರೂ ಹಲ್ಲಿಗೆ ಮೊದಲು ಶುಗರ್ ಇಳಿಯಬೇಕು, ತಿಂಗಳುಗಟ್ಟಲೆ ಕಾಯಬೇಕು ಎಂದು ಡಾಕ್ಟರ್ ಅದನ್ನು ಬದಿಗೆ ಸರಿಸಿದರು. ನಂತರ ದಾದಿಯ ಬಾಯೊಳಗೆ ಲೈಟು ಬಿಟ್ಟು ನೋಡಿದರು.

"ಬ್ರಿಡ್ಜ್ ಕೂಡ್ಸಬೇಕಂದ್ರ ಆಚೀಚಿನ ಈ ಎರಡು ಹಲ್ಲು ತಿಕ್ಕಿ ಸಣ್ಣ ಮಾಡಬೇಕ್ರಿ. ಮ್ಯಾಲೆ ಟೋಪಿ ಹಾಕ್ತೀವಿ. ಹ್ಯಾಂಗೂ ಇವಕ್ಕ ಕರೀ ಕಲೆ ಆಗ್ಯದ, ಅದೂ ಹೋಗ್ತದ."

ದಾದಿ ತಟ್ಟನೆ ಬಾಯಿ ಮುಚ್ಚಿಕೊಂಡಳು. ಮತ್ತೆ ಮೆಲ್ಲಗೆ ಹೇಳಿದಳು: "ಅದು ಕಲೆ ಅಲ್ರಿ. ಮಿಸ್ಸಿ ಅದ."

ಡಾಕ್ಟರಿಗೆ ಅದೇನೆಂದು ಗೊತ್ತಿರಲಿಲ್ಲ. ಗಜಾಲಾಗೂ ಗೊತ್ತಿರಲಿಲ್ಲ. ದಾದಿ ಸರಿಯಾಗಿ ಹಲ್ಲುಜ್ಜುವುದಿಲ್ಲ ಎಂದೇ ಅವಳು ಇಷ್ಟು ದಿನ ತಿಳಿದಿದ್ದಳು.

ಮಿಸ್ಸಿ ಎಂದರೆ ಕರೀ ಪುಡಿ, ಹಿಂದೆ ಮದುಮಗಳ ಹಲ್ಲಿಗೆ ಹಚ್ಚುತ್ತಿದ್ದರು ಎಂದಳು ದಾದಿ. ದಾದಿಯ ನಿಕಾಹದ ಹಿಂದಿನ ಸಂಜೆ, ಹುಡಗಿ ಎಂಬ ಹಳ್ಳಿಯ ತವರುಮನೆಯಲ್ಲಿ, ಅವಳ ಅಮ್ಮಿ ಅವಳನ್ನು ಮಣೆಯ ಮೇಲೆ ಕೂರಿಸಿ ಬೆರಳಿನಿಂದ ಒಂದೊಂದೇ ಹಲ್ಲಿಗೆ ಹಚ್ಚಿದ್ದಳು. ಬಣ್ಣ ಹಿಡಿಯುವ ತನಕ ಬಾಯಿ ತೆರೆಯುವಂತಿಲ್ಲ. ನಗಿಸಬೇಕೆಂದೇ ತಂಗಿಯರು ಎದುರಿಗೆ ಕೋತಿಯಂತೆ ಕುಣಿದರು. ಅಮ್ಮಿ ಎರಡೂ ಕೈಯಿಂದ ಮಗಳ ತುಟಿ ಒತ್ತಿ ಹಿಡಿದು, ತಾನೇ ಬಿದ್ದು ಬಿದ್ದು ನಕ್ಕಳು.

ಆಮೇಲೆ ಪ್ರತಿ ಈದಿಗೆ ದಾದಿ ತಾನೇ ಹಚ್ಚಿಕೊಳ್ಳುತ್ತಿದ್ದಳು. ಮಿಸ್ಸಿ ಮಾರುವ ಮುದುಕಿ ಬರುವುದು ನಿಂತಿತು. ಬೇರೆ ಹಲ್ಲುಗಳ ಬಣ್ಣ ಹೋಯಿತು. ಈ ಎರಡು ಹಲ್ಲಿನ ಅಂಚಿನ ಗೆರೆಗಳಲ್ಲಿ ಮಾತ್ರ ಉಳಿಯಿತು.

"ಅಮ್ಮಿ ಹೋಗಿ ನಲವತ್ತು ವರ್ಷ ಆತ್ರಿ," ಎಂದಳು ದಾದಿ. "ಅಕಿದು ಒಂದು ಫೋಟೋ ಸೈತ ಇಲ್ಲ."

ನಂತರ ಗಜಾಲಾಳ ಮುಖ ನೋಡಿದಳು. ಡಾಕ್ಟರ ಕಡೆ ತಿರುಗಿ ಕುರ್ಚಿಗೆ ಒರಗಿದಳು.

"ಇರ್ಲಿ ಬಿಡ್ರಿ. ಪೋರಿಗಿ ಪಕ್ಕಾ ಹಲ್ಲು ಬೇಕಾಗ್ಯದ. ತಿಕ್ರಿ."

ಡಾಕ್ಟರ್ ಹೊಸ ಗ್ಲೌಸ್ ಎಳೆದುಕೊಂಡರು.

"ತೆಗೆದು ಹಾಕೋ ಸೆಟ್ಟಿಗೂ ತಿಕ್ಕಬೇಕೇನ್ರಿ?" ಗಜಾಲಾ ಕೇಳಿದಳು.

"ಇಲ್ಲ. ಹಿಂದಿನ ಹಲ್ಲಿಗೆ ಸಣ್ಣ ತಂತಿ ಹಿಡ್ಕೋತದ."

"ಸೀನಿದ್ರ ಬೀಳ್ತದೇನ್ರಿ?"

ಡಾಕ್ಟರ್ ನಗಲಿಲ್ಲ. ಅಳತೆ ಸರಿಯಿದ್ದರೆ ಸಹಸಾ ಬೀಳುವುದಿಲ್ಲ, ಆದರೆ ರೂಢಿಯಾಗುವ ತನಕ ಮಾತಾಡುವಾಗ ಅಲುಗಾಡಬಹುದು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

ಗಜಾಲಾಳ ಕಣ್ಣ ಮುಂದೆ ಕ್ಲಾಸು ಬಂತು. ಮೊದಲ ಬೆಂಚಿನಲ್ಲೇ ಸಮ್ಯಕ ಕೂತಿದ್ದ. ಆದರೂ ಅವಳು ಬ್ರಿಡ್ಜಿನ ಮಾದರಿಯನ್ನು ವಾಪಸು ಡಾಕ್ಟರ ಕಡೆ ಸರಿಸಿಬಿಟ್ಟಳು.

"ಸೆಟ್ಟೇ ಹಾಕ್ರಿ. ದಾದಿ, ಮನ್ಯಾಗ ದಿನಾ ಕತಿ ಹೇಳಿ ಪ್ರ್ಯಾಕ್ಟೀಸ್ ಮಾಡೋಣು."

ಡಾಕ್ಟರ್ ಮೆತ್ತನೆಯ ಪೇಸ್ಟ್ ಬಾಯಿಗೊತ್ತಿ ಅಳತೆ ತೆಗೆಯುವಾಗ ದಾದಿ ಗಜಾಲಾಳ ಕೈಯನ್ನು ಬಿಡಲಿಲ್ಲ.

ಸಂಜೆಯ ಬಸ್ಸಿನಲ್ಲಿ ಗಜಾಲಾ ದಾದಿಯನ್ನು ಕಿಟಕಿಯ ಕಡೆ ತಿರುಗಿಸಿ, ಬಾಯಿ ತೆರೆಯಲು ಹೇಳಿದಳು. ಬಿಸಿಲಿಗೆ ಆ ಗೆರೆಗಳು ಪೂರ್ತಿ ಕಪ್ಪಾಗಿರಲಿಲ್ಲ, ಒಳಗೆ ತುಸು ನೀಲಿಯಿತ್ತು.

"ನಿನ್ನ ಅಮ್ಮಿ ಯಾವ ಬೆರಳಿಂದ ಹಚ್ಚಿದ್ಳು?"

ದಾದಿ ಉಂಗುರದ ಬೆರಳು ತೋರಿಸಿದಳು.

ಗಜಾಲಾ ಆ ಬೆರಳನ್ನು ಹಿಡಿದು ತನ್ನ ಹಲ್ಲುಗಳ ಮೇಲೆ ಮೆಲ್ಲಗೆ ಎಳೆದುಕೊಂಡಳು. ಆಮೇಲೆ ತುಟಿ ಬಿಗಿಯಾಗಿ ಮುಚ್ಚಿ ಕೂತಳು. ಕಂಡಕ್ಟರ್ ಬಂದು ಎಲ್ಲಿಗೆ ಎಂದು ಕೇಳಿದರೂ ಬಾಯಿ ತೆರೆಯಲಿಲ್ಲ.